ವಾರಸುದಾರರು: ಕಾಗೆ

ಬಸ್ ನಿಲ್ದಾಣದ ಮೆಟ್ಟಿಲ ಕೆಳಗೊಂದು ಕೋಣೆಯಿದೆ. ಪ್ರಯಾಣಿಕರು ಬಸ್ಸಿನಲ್ಲಿ ಮರೆತುಹೋದ ವಸ್ತುಗಳನ್ನೆಲ್ಲ ತಂದು ಅಲ್ಲಿ ಒಟ್ಟುತ್ತಾರೆ. ಅವುಗಳನ್ನು ಕಾಯ್ದಿಟ್ಟು, ಕೇಳಿಕೊಂಡು ಬಂದವರಿಗೆ ಹಿಂದಿರುಗಿಸುವುದು ನಮ್ಮ ಗುಮಾಸ್ತರ ಉದ್ಯೋಗ. ಇಪ್ಪತ್ತೆರಡು ವರ್ಷಗಳಲ್ಲಿ ಅವರ ಕಪಾಟಿನಲ್ಲಿ ಒಂದೇ ಒಂದು ವಸ್ತುವೂ ವಾರಸುದಾರರಿಲ್ಲದೆ ಉಳಿದಿರಲಿಲ್ಲ. ಛತ್ರಿ ಬಂದರೆ ಛತ್ರಿಯ ಒಡೆಯರು ಬಂದಿದ್ದಾರೆ, ಬುತ್ತಿ ಡಬ್ಬಿ ಬಂದರೆ ಡಬ್ಬಿಯ ಒಡೆಯರು ಬಂದಿದ್ದಾರೆ. ಒಮ್ಮೆ ಒಂಟಿ ಚಪ್ಪಲಿ ಬಂದಾಗಲೂ ಮೂರನೆಯ ದಿನ ಯಾರೋ ಒಬ್ಬರು ಬಂದು ಅದನ್ನು ಮೆಟ್ಟಿಕೊಂಡೇ ಹೋದರು. ಬೇರೆ ನಿಲ್ದಾಣಗಳಲ್ಲಿ ಹತ್ತಕ್ಕೆ ನಾಲ್ಕು ವಸ್ತು ಹಿಂದಿರುಗಿದರೆ ಅದೇ ದೊಡ್ಡ ಮಾತು. ಗುಮಾಸ್ತರದು ನೂರಕ್ಕೆ ನೂರು. 'ನೂರಕ್ಕೆ ನೂರು' ಎಂದು ದಪ್ಪ ಅಕ್ಷರದಲ್ಲಿ ಬರೆದ ಹಲಗೆಯೊಂದು ಕೋಣೆಯ ಬಾಗಿಲ ಮೇಲೆ ತೂಗುತ್ತಿತ್ತು. ಅದನ್ನು ಬರೆಸಿದ್ದು ಇಲಾಖೆಯಲ್ಲ, ಗುಮಾಸ್ತರೇ.

ಪ್ರಾಮಾಣಿಕತೆ ಎನ್ನುವುದು ಬೇರೆಯವರಿಗೆ ಒಂದು ಗುಣವಾದರೆ ಗುಮಾಸ್ತರಿಗೆ ಅದು ಕಸುಬು, ಹವ್ಯಾಸ ಮತ್ತು ಊಟದ ಹೊತ್ತಿನ ಮಾತು. ಅವರು ಯಾರಿಗೂ ಏನನ್ನೂ ರಸೀದಿಯಿಲ್ಲದೆ ಕೊಡುವವರಲ್ಲ. ಎದುರು ಮನೆಯವರಿಗೆ ಸುತ್ತಿಗೆ ಕೊಟ್ಟರೂ ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಸಹಿ ಹಾಕಿಸಿಕೊಳ್ಳುವರು. ಬೀದಿಯವರು ಅವರನ್ನು ಎದುರಿಗೆ ಸಾರ್ ಎಂದೂ ಬೆನ್ನ ಹಿಂದೆ ರಸೀದಿ ಎಂದೂ ಕರೆಯುತ್ತಿದ್ದರು. ಗುಮಾಸ್ತರಿಗೆ ಇದು ಗೊತ್ತಿತ್ತು, ಬಿರುದೆಂದು ತಿಳಿದು ಸುಮ್ಮನಿದ್ದರು.

ಆ ತಿಂಗಳ ಕೊನೆಗೆ ನಿಲ್ದಾಣದ ಮೇಲ್ವಿಚಾರಕರು ನಿವೃತ್ತರಾಗುವವರಿದ್ದರು. ಅವರ ಜಾಗಕ್ಕೆ ಇಬ್ಬರ ಹೆಸರು ಕೇಳಿಬರುತ್ತಿತ್ತು. ಒಬ್ಬರು ನಮ್ಮ ಗುಮಾಸ್ತರು. ಇನ್ನೊಬ್ಬರು ಗುಮಾಸ್ತರ ಪಕ್ಕದ ಬೀದಿಯಲ್ಲೇ ಮನೆಯಿದ್ದ, ನಿಲ್ದಾಣದ ವಿಚಾರಣೆ ಕೌಂಟರಿನವರು. ಆ ಮನುಷ್ಯರಿಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ದುರಭ್ಯಾಸವಿತ್ತು. ಅಂಥವರು ಮೇಲೆ ಬರುವುದುಂಟೇ ಎಂದು ಗುಮಾಸ್ತರು ನೆಮ್ಮದಿಯಾಗಿದ್ದರು. ಇಪ್ಪತ್ತೆರಡು ವರ್ಷ ಮೆಟ್ಟಿಲ ಕೆಳಗೆ ಬೆನ್ನು ಬಗ್ಗಿಸಿ ಕೂತವರಿಗೆ, ಒಮ್ಮೆಯಾದರೂ ಕಿಟಕಿಯಿರುವ ಕೋಣೆಯಲ್ಲಿ ನೆಟ್ಟಗೆ ಕೂರಬೇಕೆಂಬ ಆಸೆ ಇದ್ದರೆ ಅದೇನು ತಪ್ಪಲ್ಲ. ಆ ಹುದ್ದೆ ಸಿಗಬೇಕಾದರೆ ಬೇಕಾದದ್ದು ಒಂದೇ, ಒಳ್ಳೆಯ ಹೆಸರು. ಅದು ತಮ್ಮಲ್ಲಿ ಬೇಕಾದಷ್ಟಿದೆ ಎಂದು ಅವರ ಲೆಕ್ಕಾಚಾರ.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಅವರ ಗೇಟಿನ ಮುಂದೆ, ನಡುರಸ್ತೆಯಲ್ಲಿ, ಒಂದು ಕಾಗೆ ಮರಿ ಬಿದ್ದಿತ್ತು.

ಮೊದಲು ನೋಡಿದ್ದು ಎದುರು ಮನೆಯ ನಿವೃತ್ತ ಮೇಷ್ಟ್ರು. ಆಮೇಲೆ ಗುಮಾಸ್ತರ ಹೆಂಡತಿ. ಗೇಟಿನ ಪಕ್ಕದ ಬಾದಾಮಿ ಮರದ ಕೆಳಗೆ ಗಾಡಿ ನಿಲ್ಲಿಸಿಕೊಂಡಿದ್ದ ಇಸ್ತ್ರಿಯವನು ಬೆಳಿಗ್ಗೆಯಿಂದಲೇ ನೋಡುತ್ತಿದ್ದ. ಐದು ನಿಮಿಷದಲ್ಲಿ ಅರ್ಧ ಬೀದಿ ಸೇರಿತು. ಮರಿ ಬಾಯಿ ತೆರೆದು ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಿತು. ಯಾರೂ ಮುಟ್ಟಲಿಲ್ಲ, ಎಲ್ಲರೂ ಸಲಹೆ ಕೊಟ್ಟರು.

"ಸ್ವಲ್ಪ ದಾರಿ ಬಿಡಿ," ಎಂದು ಗುಮಾಸ್ತರು ಬಂದರು. ಬನಿಯನ್ನಿನ ಮೇಲೆ ಅಂಗಿ ತೊಟ್ಟು, ಗುಂಡಿಯನ್ನೂ ಹಾಕಿಕೊಂಡು ಬಂದಿದ್ದರು. "ಇದು ನನ್ನ ಖಾತೆಗೆ ಸೇರಿದ ವಿಷಯ. ಕಳೆದುಹೋದ ವಸ್ತು."

"ವಸ್ತು ಅಲ್ಲ ಸಾರ್, ಮರಿ," ಎಂದ ಇಸ್ತ್ರಿಯವನು. "ಅದು ಎಲ್ಲಿಂದ ಬಿತ್ತು ಅಂದ್ರೆ…"

"ಮಾತು ಆಮೇಲೆ. ಮೊದಲು ಏಣಿ ಹಿಡ್ಕೊಳ್ಳಪ್ಪ."

ಬಾದಾಮಿ ಮರದಲ್ಲಿ ಕಾಗೆಯ ಗೂಡೊಂದಿತ್ತು. ಅದು ಬೀದಿಗೆಲ್ಲ ಗೊತ್ತಿದ್ದದ್ದೇ. ಗುಮಾಸ್ತರು ಮರಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಏಣಿ ಹತ್ತಿ, ನಾಲ್ಕನೆಯ ಮೆಟ್ಟಿಲ ಮೇಲೆ ನಿಂತು ಕೆಳಗೆ ತಿರುಗಿದರು. "ನೋಡಿ, ಕಳೆದುಹೋದದ್ದು ಒಡೆಯರ ಕೈ ಸೇರಿದಾಗ ಒಂದು ಸುಖ ಸಿಗುತ್ತಲ್ಲ, ಅದು ಬೇರೆ ಯಾವ ನೌಕರಿಯಲ್ಲೂ ಇಲ್ಲ. ಇಪ್ಪತ್ತೆರಡು ವರ್ಷದಿಂದ ಈ ಸುಖಕ್ಕೋಸ್ಕರವೇ ದುಡೀತಿದೀನಿ." ಭಾಷಣ ಇನ್ನೂ ಇತ್ತು, ಏಣಿ ಅಲ್ಲಾಡಿದ್ದರಿಂದ ಮೊಟಕಾಯಿತು. ಗೂಡಿನಲ್ಲಿ ಆಗಲೇ ಮೂರು ಮರಿಗಳಿದ್ದವು. ಇದನ್ನೂ ಸೇರಿಸಿ ನಾಲ್ಕಾಯಿತು. ಒಂದು ಸಂಸಾರ ಪೂರ್ತಿಯಾಯಿತಲ್ಲ ಎಂದು ಗುಮಾಸ್ತರ ಕಣ್ಣು ಒದ್ದೆಯಾಯಿತು.

ಕೆಳಗಿಳಿದವರೇ ಸಣ್ಣ ಪುಸ್ತಕ ತೆಗೆದು ಬರೆದರು: 'ವಸ್ತು: ಕಾಗೆ ಮರಿ, ಒಂದು. ಬಣ್ಣ: ಕಪ್ಪು. ಸಿಕ್ಕ ಸ್ಥಳ: ರಸ್ತೆ. ವಾರಸುದಾರರು: ಕಾಗೆ.' ವಾರಸುದಾರರ ಸಹಿಯ ಜಾಗ ಖಾಲಿ ಬಿಟ್ಟು, ಸಾಕ್ಷಿಯ ಜಾಗದಲ್ಲಿ ಮೇಷ್ಟ್ರ ಸಹಿ ಹಾಕಿಸಿದರು. ಇಸ್ತ್ರಿಯವನು ಮತ್ತೊಮ್ಮೆ ಏನೋ ಹೇಳಲು ಬಾಯಿ ತೆರೆದ. ಗುಮಾಸ್ತರು ಅವನ ಭುಜ ತಟ್ಟಿ, "ನಿನ್ನ ಸಹಾಯಾನೂ ಮರೆಯೋದಿಲ್ಲ," ಎಂದು ಒಳಗೆ ಹೋದರು.

ಸೋಮವಾರ ಬೆಳಿಗ್ಗೆ ಗೇಟು ದಾಟಿ ಎರಡು ಹೆಜ್ಜೆ ಇಟ್ಟಿದ್ದರಷ್ಟೆ, ನೆತ್ತಿಯ ಮೇಲೆ ಟಪ್ ಎಂದು ಏಟು ಬಿತ್ತು. ತಿರುಗಿ ನೋಡಿದರೆ ಕಾಗೆ. ಗುಮಾಸ್ತರ ಮುಖ ಅರಳಿತು. ಮನೆಯೊಳಗೆ ವಾಪಸ್ಸು ಬಂದು ಹೆಂಡತಿಯನ್ನು ಕರೆದರು.

"ನೋಡಿದ್ಯಾ, ಅದು ನನ್ನ ಗುರುತು ಹಿಡೀತು. ಥ್ಯಾಂಕ್ಸ್ ಹೇಳೋಕೆ ಬಂದಿತ್ತು."

"ತಲೆ ಮೇಲೆ ಗೀರಿದೆಯಲ್ರೀ."

"ಮೂಕಪ್ರಾಣಿ ಕಣೆ. ಪ್ರೀತಿ ತೋರಿಸೋಕೆ ಅದಕ್ಕೇನು ಕೈ ಇದೆಯಾ?"

ಹೆಂಡತಿ ಮಾತಾಡದೆ ಗೀರಿಗೆ ಮುಲಾಮು ಹಚ್ಚಿದಳು. ಆಕೆ ಮದುವೆಯಾದಾಗಿನಿಂದ ಇಂಥ ಸಂದರ್ಭದಲ್ಲಿ ಮಾತಾಡದೆ ಮುಲಾಮು ಹಚ್ಚುತ್ತ ಬಂದವಳು.

ಗುಮಾಸ್ತರು ಎರಡನೆಯ ಸಲ ಹೊರಟಾಗ ಬಾದಾಮಿ ಮರದ ಕಡೆಯಿಂದ ಒಂದು ಏಟು ಬಿತ್ತು, ಮೇಷ್ಟ್ರ ಮನೆಯ ಮುಂದಿನ ದೀಪದ ಕಂಬದ ಕಡೆಯಿಂದ ಇನ್ನೊಂದು ಬಿತ್ತು. "ಗಂಡ ಹೆಂಡತಿ ಇಬ್ಬರೂ ಬಂದಿದಾರೆ," ಎಂದು ಗುಮಾಸ್ತರು ಮೇಷ್ಟ್ರಿಗೆ ಕೂಗಿ ಹೇಳಿ, ನಿಲ್ದಾಣಕ್ಕೆ ಓಡಿದರು. ಅಂದು ಆಫೀಸಿನಲ್ಲಿ ಅವರು ಕಾಗೆಯ ಕೃತಜ್ಞತೆಯ ಬಗ್ಗೆ ಒಂಬತ್ತು ಜನರಿಗೆ ಹೇಳಿದರು. ಮನುಷ್ಯರಿಗೂ ಇಷ್ಟು ಉಪಕಾರಸ್ಮರಣೆ ಇದ್ದರೆ ಎಷ್ಟು ಚೆನ್ನ ಎಂದು ಮೇಲ್ವಿಚಾರಕರ ಕೋಣೆಯ ಬಾಗಿಲ ಬಳಿ ನಿಂತು ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು.

ಮಂಗಳವಾರ ಕೃತಜ್ಞತೆ ಜಾಸ್ತಿಯಾಗಿ ರಕ್ತ ಬಂತು.

ಬುಧವಾರದ ಹೊತ್ತಿಗೆ ಬೀದಿಯವರು ಒಂದು ವಿಷಯ ಗಮನಿಸಿದ್ದರು. ಕಾಗೆಗಳು ಬೇರೆ ಯಾರ ತಂಟೆಗೂ ಹೋಗುತ್ತಿರಲಿಲ್ಲ. ಮೇಷ್ಟ್ರು ವಿಜ್ಞಾನದ ಮೇಷ್ಟ್ರು. ಸುಮ್ಮನೆ ಬಾಯಿಮಾತು ನಂಬುವವರಲ್ಲ. ತಾವೇ ಮರದ ಕೆಳಗೆ ಬರಿತಲೆಯಲ್ಲಿ ಮೂರು ಸಲ ಓಡಾಡಿದರು. ಏನೂ ಆಗಲಿಲ್ಲ. ಹಾಲಿನವಳನ್ನು ಓಡಾಡಿಸಿದರು, ಅಂಚೆಯವನನ್ನು ಓಡಾಡಿಸಿದರು, ಗುಮಾಸ್ತರ ಹೆಂಡತಿಯನ್ನೂ ಕೇಳಿಕೊಂಡು ಓಡಾಡಿಸಿದರು. ಕಾಗೆಗಳು ಕತ್ತು ಕೊಂಕಿಸಿ ನೋಡಿದವು, ಅಷ್ಟೆ. ಕೊನೆಗೆ ಗುಮಾಸ್ತರನ್ನು ಗೇಟಿನಿಂದ ಒಂದು ಹೆಜ್ಜೆ ಹೊರಗೆ ಬರುವಂತೆ ಕೇಳಿದರು. ಗುಮಾಸ್ತರು ಅರ್ಧ ಹೆಜ್ಜೆ ಇಟ್ಟರು. ಪ್ರಯೋಗ ಯಶಸ್ವಿಯಾಯಿತು.

"ಕಾರಣ ಇಲ್ಲದೆ ಕಾರ್ಯ ಇಲ್ಲ," ಎಂದು ಮೇಷ್ಟ್ರು ತೀರ್ಪು ಕೊಟ್ಟರು. "ಇಡೀ ಬೀದೀಲಿ ಅದಕ್ಕೆ ನಿಮ್ಮ ಮೇಲೇ ಕೋಪ ಅಂದ್ರೆ, ಏನೋ ಇರ್ಬೇಕಲ್ಲ?"

"ಏನಿರುತ್ತೆ ಮೇಷ್ಟ್ರೇ? ನಾನು ಅದರ ಮರಿ ಉಳಿಸಿದವನು."

"ಉಳಿಸಿದ್ದು ಎಷ್ಟು, ಸಿಕ್ಕಿದ್ದು ಎಷ್ಟು?"

ಈ ಪ್ರಶ್ನೆ ಮೇಷ್ಟ್ರು ಏನೋ ತಮಾಷೆಗೆ ಕೇಳಿದ್ದು. ಆದರೆ ಅದಕ್ಕೆ ಆ ಕ್ಷಣದಲ್ಲೇ ರೆಕ್ಕೆಪುಕ್ಕ ಬಂತು. ಸಂಜೆಯ ಹೊತ್ತಿಗೆ ರಸ್ತೆಯಲ್ಲಿ ಬಿದ್ದದ್ದು ಎರಡು ಮರಿ, ಗುಮಾಸ್ತರು ಮರಕ್ಕೆ ಸೇರಿಸಿದ್ದು ಒಂದೇ ಎಂದಾಯಿತು. ಇನ್ನೊಂದು ಎಲ್ಲಿ ಎಂಬುದಕ್ಕೆ ಬೀದಿಯಲ್ಲಿ ನಾಲ್ಕು ಅಭಿಪ್ರಾಯಗಳಿದ್ದವು, ಒಂದೂ ಗುಮಾಸ್ತರಿಗೆ ಅನುಕೂಲವಾಗಿರಲಿಲ್ಲ. ಇಪ್ಪತ್ತೆರಡು ವರ್ಷ ಒಬ್ಬ ಮನುಷ್ಯನ ಪ್ರಾಮಾಣಿಕತೆಯನ್ನು ಪ್ರತಿದಿನ ಅವನ ಬಾಯಿಂದಲೇ ಕೇಳಿದ ನೆರೆಹೊರೆಗೆ ಇಂಥದೊಂದು ಅವಕಾಶ ಸಿಕ್ಕಿದರೆ ಯಾರು ತಾನೇ ಬಿಡುತ್ತಾರೆ.

ಗುರುವಾರ ಗುಮಾಸ್ತರು ವೇಷ ಬದಲಿಸಿದರು. ಭಾವಮೈದುನ ಬಿಟ್ಟುಹೋಗಿದ್ದ ಉದ್ದನೆಯ ಕೋಟು, ಕಪ್ಪು ಕನ್ನಡಕ, ಕಿವಿ ಮುಚ್ಚುವ ಟೋಪಿ. ಬೀದಿಯವರಿಗೆ ಗುರುತೇ ಸಿಗಲಿಲ್ಲ. ಯಾರೋ ಕಳ್ಳ ಗುಮಾಸ್ತರ ಮನೆಯಿಂದ ಹೊರಬರುತ್ತಿದ್ದಾನೆಂದು ಮೇಷ್ಟ್ರು ಕೂಗಿಕೊಂಡರು. ಕಾಗೆಗಳಿಗೆ ಮಾತ್ರ ಗುರುತು ಸಿಕ್ಕಿತು. ಕಳ್ಳನೆಂದು ಅಟ್ಟಿಸಿಕೊಂಡು ಬಂದವರಿಂದ ತಪ್ಪಿಸಿಕೊಳ್ಳಲು ಗುಮಾಸ್ತರು ಕೋಟು ಬಿಚ್ಚಿ ಮುಖ ತೋರಿಸಬೇಕಾಯಿತು. ತೋರಿಸಿದ ಮೇಲೂ ಒಬ್ಬಿಬ್ಬರು ಕೈ ಬಿಡಲಿಲ್ಲ.

ಶುಕ್ರವಾರದಿಂದ ಹೆಲ್ಮೆಟ್ ಹಾಕಿಕೊಂಡರು. ಅವರ ಬಳಿ ವಾಹನ ಇರಲಿಲ್ಲ. ಹೆಲ್ಮೆಟ್ ಧರಿಸಿ ನಡೆದುಕೊಂಡು ಬಸ್ ನಿಲ್ದಾಣ ತಲುಪುವ ಗುಮಾಸ್ತರನ್ನು ಕಂಡು ಕಂಡಕ್ಟರುಗಳು ದಾರಿ ಬಿಟ್ಟರು.

ಪ್ರತಿದಿನ ಇಸ್ತ್ರಿಯವನು, "ಸಾರ್, ಒಂದು ನಿಮಿಷ, ಆ ಮರಿ ವಿಷಯ…" ಎಂದು ಶುರುಮಾಡುತ್ತಿದ್ದ. ಪ್ರತಿದಿನ ಗುಮಾಸ್ತರು, "ನೀನೂನಾ?" ಎಂದು ನೊಂದುಕೊಂಡು ಓಡುತ್ತಿದ್ದರು. ನಿಂತು ಕೇಳುವ ಸ್ಥಿತಿಯಲ್ಲೂ ಅವರಿರಲಿಲ್ಲ, ಮೇಲೆ ಕಾಗೆಗಳಿದ್ದವು.

ಮುಂದಿನ ವಾರ ಇಲಾಖೆಯ ಮುಖ್ಯ ಕಚೇರಿಗೆ ಒಂದು ಮೂಗರ್ಜಿ ಹೋಯಿತು. 'ಒಂದು ಪಕ್ಷಿಯ ಸ್ವತ್ತನ್ನೇ ಸರಿಯಾಗಿ ಹಿಂದಿರುಗಿಸದವರು ಸಾರ್ವಜನಿಕರ ಸ್ವತ್ತನ್ನು ಹೇಗೆ ಹಿಂದಿರುಗಿಸಿಯಾರು? ತನಿಖೆಯಾಗಲಿ' ಎಂದಿತ್ತು. ಬರೆದವರು ಹೆಸರು ಹಾಕಿರಲಿಲ್ಲ. ಆದರೆ ವಿಚಾರಣೆ ಕೌಂಟರಿನಲ್ಲಿ ಬಸ್ಸಿನ ವೇಳೆ ಬರೆದು ಹಚ್ಚುವವರ ಅಕ್ಷರ ಇಡೀ ನಿಲ್ದಾಣಕ್ಕೆ ಪರಿಚಯ. ಇಲಾಖೆಯಲ್ಲಿ ಮನುಷ್ಯರು ಕೊಟ್ಟ ದೂರುಗಳು ವರ್ಷಗಟ್ಟಲೆ ಮಲಗುತ್ತವೆ. ಕಾಗೆಯ ಪರವಾಗಿ ಬಂದ ದೂರು ನಾಲ್ಕೇ ದಿನದಲ್ಲಿ ಎದ್ದು ನಿಂತಿತು. ಶನಿವಾರ ಬೆಳಿಗ್ಗೆ ವಿಚಾರಣಾಧಿಕಾರಿ ಗುಮಾಸ್ತರ ಮನೆಗೇ ಬಂದರು.

ಆಕೆ ಐವತ್ತರ ಆಸುಪಾಸಿನ, ಮೆಲುಮಾತಿನ ಹೆಂಗಸು. ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಗೇಟಿನ ಸುತ್ತ ಬೀದಿಯೆಲ್ಲ ಸೇರಿತ್ತು. ಮೇಷ್ಟ್ರು ಛತ್ರಿ ಹಿಡಿದು ಮುಂದಿನ ಸಾಲಿನಲ್ಲೇ ನಿಂತಿದ್ದರು. ಗುಮಾಸ್ತರು ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಸಣ್ಣ ಪುಸ್ತಕವನ್ನು ಎರಡೂ ಕೈಯಲ್ಲಿ ಒಪ್ಪಿಸಿದರು.

"ಎಲ್ಲಾ ದಾಖಲೆ ಇದೆ ಮೇಡಂ. ಸಾಕ್ಷಿ ಸಹಿ ಸಮೇತ."

ಆಕೆ ಓದಿದರು. "ವಾರಸುದಾರರು ಕಾಗೆ ಅಂತ ಬರೆದಿದ್ದೀರಿ. ಯಾವ ಕಾಗೆ?"

"ಮರದಲ್ಲಿರೋ ಕಾಗೆ ಮೇಡಂ."

"ಅದರದ್ದೇ ಮರಿ ಅಂತ ಹೇಗೆ ಗೊತ್ತಾಯ್ತು?"

ಗುಮಾಸ್ತರಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಕಪ್ಪಗಿತ್ತು."

ಆಗ ಇಸ್ತ್ರಿಯವನು ಕಾದ ಪೆಟ್ಟಿಗೆಯನ್ನು ಕೆಳಗಿಟ್ಟು ಮುಂದೆ ಬಂದ. "ಅದನ್ನೇ ಹದಿಮೂರು ದಿನದಿಂದ ಹೇಳೋಕೆ ನೋಡ್ತಿದೀನಿ ಅಮ್ಮ. ಆ ಮರಿ ಈ ಮರದ್ದಲ್ಲ. ಮೇಷ್ಟ್ರ ಮನೆ ಮುಂದಿನ ದೀಪದ ಕಂಬದ ಮೇಲೆ ಇನ್ನೊಂದು ಗೂಡಿದೆ, ನೋಡಿ. ಅಲ್ಲಿಂದ ಬಿದ್ದಿದ್ದು. ನನ್ನ ಕಣ್ಣೆದುರಿಗೇ ಬಿತ್ತು. ಇವರು ಎತ್ಕೊಂಡು ಹೋಗಿ ಬೇರೆಯವರ ಮನೆಗೆ ಹಾಕಿದ್ರು. ಕಂಬದ ಕಾಗೆಗೆ ಇವರು ಮಗು ಕದ್ದವರು. ಮರದ ಕಾಗೆಗೆ ಇವರು ಯಾರ್ದೋ ಮಗು ತಂದು ತಲೆಗೆ ಕಟ್ಟಿದವರು. ಎರಡೂ ಹೊಡೀತವೆ. ಹೊಡೀಬೇಕಾದ್ದೇ."

ಜನರೆಲ್ಲ ಕಂಬದ ಕಡೆ ತಲೆಯೆತ್ತಿ ನೋಡಿದರು. ತಮ್ಮ ಮನೆಯೆದುರಿಗೇ ಒಂದು ಗೂಡಿರುವುದನ್ನು ವಿಜ್ಞಾನದ ಮೇಷ್ಟ್ರು ಅಂದೇ ಮೊದಲ ಸಲ ಕಂಡರು.

"ಮೊದಲೇ ಯಾಕೆ ಹೇಳಲಿಲ್ಲ?" ಎಂದರು ಗುಮಾಸ್ತರು.

"ನೀವು ಏಣಿ ಹಿಡ್ಕೋ ಅಂದ್ರಿ ಸಾರ್."

ಅಧಿಕಾರಿ ಪೆನ್ನು ತೆರೆದರು. "ಆಫೀಸಲ್ಲೂ ವಸ್ತುಗಳನ್ನ ಹೀಗೇ ಕೊಡ್ತೀರಾ?"

ಇಲ್ಲಿ ಗುಮಾಸ್ತರು ಸುಮ್ಮನಿದ್ದಿದ್ದರೆ ವಿಷಯ ಕಾಗೆಯಲ್ಲೇ ಮುಗಿಯುತ್ತಿತ್ತು. ಆದರೆ ತಮ್ಮ ಕಾರ್ಯವಿಧಾನವನ್ನು ಮುಖ್ಯ ಕಚೇರಿಯವರೊಬ್ಬರು ಕೇಳುತ್ತಿರುವುದು ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲು. ಅವರ ಎದೆ ತಾನಾಗಿ ಉಬ್ಬಿತು. "ಖಂಡಿತ ಮೇಡಂ. ಬೇರೆ ಕಡೆ ಜನರನ್ನ ಸುಮ್ಮನೆ ಸತಾಯಿಸ್ತಾರೆ. ಯಾವತ್ತು ಕಳೀತು, ಯಾವ ಬಸ್ಸು, ಹಿಡಿ ಹೇಗಿತ್ತು ಅಂತ. ನನ್ನ ಹತ್ರ ಅದೆಲ್ಲ ಇಲ್ಲ. ಕಪ್ಪು ಛತ್ರಿ ಕಳೀತು ಅಂದ್ರೆ ಒಂದು ಕಪ್ಪು ಛತ್ರಿ ಕೊಡ್ತೀನಿ, ರಸೀದಿ ಹಾಕಿಸ್ಕೋತೀನಿ. ಇವತ್ತಿನವರೆಗೂ ಒಬ್ಬರಾದರೂ ವಾಪಸ್ಸು ಬಂದು, ಇದು ನಂದಲ್ಲ ಅಂದಿದ್ದಿಲ್ಲ."

ಗೇಟಿನ ಬಳಿ ಸೇರಿದ್ದ ಬೀದಿಯವರು ತಮ್ಮ ಕಾಲಬೆರಳುಗಳನ್ನು ನೋಡಿಕೊಂಡರು.

ಅಧಿಕಾರಿಯ ಕಣ್ಣು ಮೇಷ್ಟ್ರ ಛತ್ರಿಯ ಮೇಲೆ ನಿಂತಿತು. "ಅದರ ಹಿಡಿ ಮೇಲೆ ಡಾಕ್ಟರ್ ಅಂತ ಕೆತ್ತಿದೆಯಲ್ಲ. ನೀವು ಡಾಕ್ಟರಾ?"

ಮೇಷ್ಟ್ರು ಛತ್ರಿಯನ್ನು ಮಡಚಿದರು, ಆಮೇಲೆ ಬಿಚ್ಚಿದರು, ಮತ್ತೆ ಮಡಚಿದರು. "ನಾನು… ನಿವೃತ್ತ ಮೇಷ್ಟ್ರು. ನಾಲ್ಕು ವರ್ಷದ ಹಿಂದೆ ಇವರ ಕೌಂಟರಿಂದ ತಗೊಂಡಿದ್ದು."

"ನಿಮ್ಮದಲ್ಲ ಅಂತ ಗೊತ್ತಾಗಲಿಲ್ವಾ?"

"ಗೊತ್ತಾಯ್ತು. ಆದ್ರೆ ಇದು ನನ್ನದಕ್ಕಿಂತ ಚೆನ್ನಾಗಿತ್ತು."

ಮೂವತ್ತೈದು ವರ್ಷ ಮಕ್ಕಳಿಗೆ ಸತ್ಯ ಹೇಳಬೇಕೆಂದು ಕಲಿಸಿದ್ದ ಮೇಷ್ಟ್ರು ಅಂದು ತಾವೂ ಅದನ್ನು ಪ್ರಯತ್ನಿಸಿ ನೋಡಿದರು. ಅಷ್ಟೇನೂ ಹಿತವೆನಿಸಲಿಲ್ಲ ಎಂಬುದು ಅವರ ಮುಖದಲ್ಲಿ ಕಾಣುತ್ತಿತ್ತು.

"ಈಗಲೇ ತಂದು ಕೊಟ್ಟವರ ಹೆಸರು ನಾನು ಬರೆಯೋದಿಲ್ಲ," ಎಂದರು ಅಧಿಕಾರಿ, ಪೆನ್ನನ್ನು ಮುಚ್ಚಿ.

ಮೊದಲು ಹಾಲಿನವಳು ಹೋದಳು, ಒಂದು ಬುತ್ತಿ ಡಬ್ಬಿ ತಂದಳು. ಆಮೇಲೆ ಮೂಲೆ ಮನೆಯವರು ಒಂದು ಗೋಡೆ ಗಡಿಯಾರ ತಂದರು. ಅರ್ಧ ಗಂಟೆಯಲ್ಲಿ ಜಗಲಿ ತುಂಬಿತು. ಛತ್ರಿಗಳು, ಚೀಲಗಳು, ಸ್ವೆಟರುಗಳು, ಒಂದು ಪಿಟೀಲು, ಎರಡು ಟ್ರಂಕು. ಒಬ್ಬ ಊರುಗೋಲು ತಂದಿಟ್ಟು, ಎರಡೂ ಕಾಲಿನಲ್ಲಿ ಚುರುಕಾಗಿ ನಡೆದುಹೋದ. ಯಾವ ಬೀದಿಗೆ ಗುಮಾಸ್ತರು ಪ್ರಾಮಾಣಿಕತೆಯ ಪಾಠ ಹೇಳುತ್ತಿದ್ದರೋ ಆ ಬೀದಿಯ ಅರ್ಧ ಸಂಸಾರ ನಡೆಯುತ್ತಿದ್ದದ್ದೇ ಅವರ ಕಪಾಟಿನಿಂದ. ಗುಮಾಸ್ತರು ಒಂದೊಂದನ್ನೂ ನೋಡಿದರು. ಒಂದೊಂದನ್ನೂ ಕೊಟ್ಟ ದಿನ ಅವರಿಗೆ ನೆನಪಿತ್ತು, ಆ ದಿನದ ಸುಖವೂ ನೆನಪಿತ್ತು.

ಕೊನೆಗೆ ಅವರ ಹೆಂಡತಿ ಒಳಗಿನಿಂದ ಒಂದು ಕಂದು ಬಣ್ಣದ ಕೈಚೀಲ ತಂದು ರಾಶಿಯ ಪಕ್ಕದಲ್ಲಿ ಇಟ್ಟಳು.

"ಇದು ನಿಂದೇ ಅಲ್ವೇನೆ?" ಎಂದರು ಗುಮಾಸ್ತರು. "ಮದುವೆಯಾದ ಹೊಸದರಲ್ಲಿ ಬಸ್ಸಲ್ಲಿ ಕಳ್ಕೊಂಡು ಅಳ್ತಾ ಕೂತಿದ್ದೆ. ನಾನೇ ಹುಡುಕಿ ತಂದ್ಕೊಟ್ಟೆ."

"ನಂದಕ್ಕೆ ಒಳಗಡೆ ಹಸಿರು ಬಟ್ಟೆ ಇತ್ತು."

"ಅವತ್ತೇ ಯಾಕೆ ಹೇಳಲಿಲ್ಲ?"

"ನೀವು ಅವತ್ತು ಎಷ್ಟು ಖುಷಿಯಾಗಿ ಬಂದಿದ್ರಿ ಅಂದ್ರೆ," ಎಂದಳು ಹೆಂಡತಿ, "ಇಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಆಮೇಲೆ ಹೇಳೋಣ ಅಂದ್ಕೊಂಡೆ. ಹಾಗೇ ಇಪ್ಪತ್ತು ವರ್ಷ ಆಯ್ತು."

ಗುಮಾಸ್ತರು ಜಗಲಿಯ ಮೆಟ್ಟಿಲ ಮೇಲೆ ಕುಸಿದು ಕೂತರು. ಕಾಗೆ ರಕ್ತ ಬರುವಂತೆ ಕುಕ್ಕಿದಾಗಲೂ ಅವರಿಗೆ ಅಷ್ಟು ನೋವಾಗಿರಲಿಲ್ಲ.

"ಏಳಿ," ಎಂದರು ಅಧಿಕಾರಿ. ದನಿಯಲ್ಲಿ ಕೋಪವಿರಲಿಲ್ಲ. "ಮೊದಲು ಆ ಮರಿಯನ್ನಾದರೂ ಸರಿಯಾದವರಿಗೆ ಕೊಡಿ. ನಾನು ನೋಡ್ತೀನಿ."

ಗುಮಾಸ್ತರು ಹೆಲ್ಮೆಟ್ ಹಾಕಿಕೊಂಡು ಏಣಿ ಹತ್ತಿದರು. ಇಸ್ತ್ರಿಯವನು ಏಣಿ ಹಿಡಿದ. ಎರಡು ಕಡೆಯಿಂದಲೂ ಕಾಗೆಗಳು ಬಂದು ಹೆಲ್ಮೆಟ್ಟಿನ ಮೇಲೆ ಡಬಡಬ ಬಾರಿಸತೊಡಗಿದವು. ಗೂಡಿನಲ್ಲಿ ನಾಲ್ಕು ಮರಿಗಳಿದ್ದವು. ನಾಲ್ಕೂ ಕಪ್ಪು. ನಾಲ್ಕೂ ಒಂದೇ ಗಾತ್ರ. ನಾಲ್ಕೂ ಒಟ್ಟಿಗೆ ಬಾಯಿ ತೆರೆದು ಅವರನ್ನೇ ನೋಡಿದವು. ಗುಮಾಸ್ತರು ಒಂದರ ಕಡೆ ಕೈ ಚಾಚಿದರು, ಹಿಂತೆಗೆದರು. ಇನ್ನೊಂದರ ಕಡೆ ಚಾಚಿದರು, ಹಿಂತೆಗೆದರು. ಕೆಳಗಿನಿಂದ ಬೀದಿಯವರು, ಬಲಗಡೆಯದು, ಎಡಗಡೆಯದು, ಯಾವುದಾದರೂ ಒಂದು ಎತ್ತಿಕೊಳ್ಳಿ, ಯಾರಿಗೆ ಗೊತ್ತಾಗುತ್ತೆ ಎಂದು ಸಲಹೆ ಕೊಟ್ಟರು. ಎರಡು ವಾರದ ಹಿಂದಿನ ಗುಮಾಸ್ತರಾಗಿದ್ದರೆ ಅಷ್ಟು ಸಾಕಿತ್ತು.

ಅವರು ಬರಿಗೈಯಲ್ಲಿ ಕೆಳಗಿಳಿದು ಬಂದರು. "ನನಗೆ ಗೊತ್ತಾಗ್ತಾ ಇಲ್ಲ ಮೇಡಂ. ಯಾವುದು ಯಾರದು ಅಂತ ನನಗೆ ಗೊತ್ತಿಲ್ಲ."

ಅಧಿಕಾರಿ ಆ ಮಾತನ್ನು ಹಾಗೆಯೇ ಬರೆದುಕೊಂಡರು.

"ಬಿಡಿ ಸಾರ್," ಎಂದ ಇಸ್ತ್ರಿಯವನು. "ಮೂರು ದಿನದಿಂದ ಕಂಬದ ಕಾಗೆಯೂ ಇಲ್ಲಿಗೇ ಬಂದು ತುತ್ತು ಕೊಟ್ಟು ಹೋಗ್ತಿದೆ. ಮೊದಮೊದಲು ಎರಡೂ ಕಿತ್ತಾಡ್ತಿದ್ವು, ಈಗ ರಾಜಿಯಾಗಿದಾವೆ. ನಿಮ್ಮನ್ನ ಹೊಡೆಯೋ ವಿಷಯದಲ್ಲಿ ಎರಡಕ್ಕೂ ಒಮ್ಮತ ಬಂತಲ್ಲ, ಅಲ್ಲಿಂದ ಸ್ನೇಹ ಆಯ್ತು ಅಂತ ಕಾಣುತ್ತೆ."

ಅಧಿಕಾರಿ ಹೋದರು. ಜಗಲಿಯ ಸಾಮಾನೆಲ್ಲ ಒಂದು ಲಾರಿಯಲ್ಲಿ ನಿಲ್ದಾಣಕ್ಕೆ ಹೋಯಿತು. ಗುಮಾಸ್ತರು ಬಾಗಿಲ ಮೇಲಿನ ಹಲಗೆಯನ್ನು ತಾವೇ ಇಳಿಸಿದರು.

ತಿಂಗಳ ಕೊನೆಯ ದಿನ ಅವರು ರಜೆ ಹಾಕಿ ಮನೆಯಲ್ಲೇ ಇದ್ದರು. ಮಧ್ಯಾಹ್ನ ಆಫೀಸಿನ ಜವಾನ ಸೈಕಲ್ಲಿನಲ್ಲಿ ಬಂದ. ಅವನ ಚೀಲದಲ್ಲಿ ಎರಡು ಖಾಕಿ ಲಕೋಟೆಗಳಿದ್ದವು. ಒಂದನ್ನು ಎಳೆದು ಗುಮಾಸ್ತರ ಕೈಗೆ ಕೊಟ್ಟು, "ಇದು ನಿಮ್ಮದು, ಇನ್ನೊಂದು ಪಕ್ಕದ ಬೀದಿದು," ಎಂದು ಹೊರಟೇಹೋದ. ಗುಮಾಸ್ತರು ಲಕೋಟೆ ಹರಿದು, ಮಡಚಿದ ಕಾಗದದ ನಡುವಿನ ಸಾಲನ್ನು ಓದಿದರು. 'ತಮ್ಮ ನಿಷ್ಠಾವಂತ ಸೇವೆಯನ್ನು ಪರಿಗಣಿಸಿ, ನಾಳೆಯಿಂದ ತಮ್ಮನ್ನು ಮೇಲ್ವಿಚಾರಕರ ಹುದ್ದೆಗೆ ನೇಮಿಸಲಾಗಿದೆ.'

ಹತ್ತು ನಿಮಿಷದಲ್ಲಿ ಬೀದಿಗೆ ತಿಳಿಯಿತು. ಮೇಷ್ಟ್ರು ಬಿಸಿಲಿನಲ್ಲಿ ಬರಿತಲೆಯಲ್ಲೇ ಓಡಿಬಂದು ಕೈ ಕುಲುಕಿದರು. "ನನಗೆ ಮೊದಲಿಂದಲೂ ಗೊತ್ತಿತ್ತು," ಎಂದರು. ಎರಡು ಮರಿಗಳ ಕಥೆ ಹಬ್ಬಿಸಿದ್ದವರೆಲ್ಲ ಅವರಿಗಿಂತ ಮೊದಲಿಂದ ಗೊತ್ತಿತ್ತು ಎಂದರು. ಗುಮಾಸ್ತರ ಕಣ್ಣಲ್ಲಿ ನೀರು ಬಂತು. ಏಣಿಯಿಂದ ಇಳಿದು ಗೊತ್ತಿಲ್ಲ ಎಂದ ಆ ಒಂದು ಮಾತೇ ತಮ್ಮನ್ನು ಉಳಿಸಿತೆಂದು ಅವರಿಗೆ ಖಾತ್ರಿಯಾಯಿತು.

ಹೆಂಡತಿ ಮಾತ್ರ ಬಾಗಿಲಲ್ಲಿ ನಿಂತಿದ್ದಳು. "ಲಕೋಟೆ ಮೇಲೆ ಯಾರ ಹೆಸರಿದೆ?"

"ನಂದೇ ಇರುತ್ತೆ."

"ಇರುತ್ತೆ ಅನ್ನೋದು ಬೇರೆ, ಇದೆ ಅನ್ನೋದು ಬೇರೆ. ಒಂದು ಸಲ ನೋಡಿ."

ಈ ಸಲ ಆಕೆ ಆಮೇಲೆ ಹೇಳೋಣ ಎಂದುಕೊಳ್ಳಲಿಲ್ಲ. ಗುಮಾಸ್ತರು ಹರಿದ ಲಕೋಟೆಯನ್ನು ತಿರುಗಿಸಿ ನೋಡಿದರು. ವಿಚಾರಣೆ ಕೌಂಟರಿನವರ ಹೆಸರಿತ್ತು.

ಅಂಗಳದಲ್ಲಿ ಜನ ಇನ್ನೂ ನಗುತ್ತ ಮಾತಾಡುತ್ತಿದ್ದರು. ತಮ್ಮ ಇಲಾಖೆಯ ರೀತಿ ಗುಮಾಸ್ತರಿಗೆ ಚೆನ್ನಾಗಿ ಗೊತ್ತಿತ್ತು. ಆದೇಶ ಹಿಡಿದು ಬಂದವರ ಮುಖವನ್ನು ಅಲ್ಲಿ ಯಾರೂ ನೋಡುವುದಿಲ್ಲ, ಒಮ್ಮೆ ಕುರ್ಚಿಯಲ್ಲಿ ಕೂತವರನ್ನು ಎಬ್ಬಿಸಿದ ದಾಖಲೆಯೂ ಇಲ್ಲ. ಬೆಳಿಗ್ಗೆ ಹತ್ತಕ್ಕೆ ಹೋಗಿ ಸಹಿ ಹಾಕಿದರೆ ಮುಗಿಯಿತು. ಅದೂ ಮೂಗರ್ಜಿ ಬರೆದು ತಮ್ಮ ಮಾನ ಕಳೆದ ಮನುಷ್ಯನ ಲಕೋಟೆ. ಹೆಂಡತಿ ಒಳಗೆ ಹೋಗಿ ಹೆಲ್ಮೆಟ್ ತಂದುಕೊಟ್ಟಳು.

ಗುಮಾಸ್ತರು ಹೆಲ್ಮೆಟ್ ಹಾಕಿಕೊಂಡು ಜನರ ನಡುವಿನಿಂದ ಹೊರಟರು. ಕಾಗೆಗಳು ಬೀದಿಯ ಕೊನೆಯವರೆಗೂ ಬಿಡದೆ ಬಾರಿಸಿದವು.

ವಿಚಾರಣೆ ಕೌಂಟರಿನವರು ತಮ್ಮ ಮನೆಯ ಜಗಲಿಯ ಮೇಲೆ ಒಬ್ಬರೇ ಕೂತಿದ್ದರು. ಮಡಿಲಲ್ಲಿ ಇನ್ನೊಂದು ಖಾಕಿ ಲಕೋಟೆಯಿತ್ತು, ಒಡೆದಿರಲಿಲ್ಲ. ಅದರ ಮೇಲೆ ಗುಮಾಸ್ತರ ಹೆಸರಿತ್ತು.

"ನೀವು ಬರ್ತೀರೋ ಇಲ್ವೋ ಅಂತ ಕೂತಿದ್ದೆ," ಎಂದರು ಅವರು, ತಲೆಯೆತ್ತದೆ.

ಗುಮಾಸ್ತರು ಲಕೋಟೆಯನ್ನು ಕೊಟ್ಟು ತಮ್ಮದನ್ನು ತೆಗೆದುಕೊಂಡರು. ಒಡೆದು ಓದಿದರು. ಹಾಲಿ ಕೆಲಸದಲ್ಲೇ ಮುಂದುವರಿಯುವುದೆಂದೂ, ಬೀದಿಯಿಂದ ಬಂದ ತೊಂಬತ್ತಮೂರು ವಸ್ತುಗಳ ನಿಜವಾದ ವಾರಸುದಾರರನ್ನು ಪತ್ತೆ ಹಚ್ಚುವುದೆಂದೂ ಇತ್ತು. ವಿಚಾರಣೆ ಕೌಂಟರಿನವರು ತಮ್ಮ ಕಾಗದವನ್ನು ಎರಡು ಸಲ ಓದಿದರು. ಅವರ ಮುಖ ಹುಳ್ಳಗಾಯಿತು.

"ಇದು ನಂದು ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಹೆಸರು ಓದಿದೆ."

"ಓದದೆ ಇದ್ದಿದ್ರೆ?"

ಗುಮಾಸ್ತರು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡರು.

"ಮೇಲ್ವಿಚಾರಕನಾಗಿರ್ತಿದ್ದೆ."